ಕಲಸುವಾಗ ಬಿಗಿ, ಆಮೇಲೆ ಧಾರಾಳ

ಮೋಲ್ಡ್ ಹಾಕುವ ದಿನ ಮನೆ ಕಟ್ಟಿಸುವವರ ಕಣ್ಣೆಲ್ಲ ಕಂಬಿಯ ಮೇಲೆ. ಎಷ್ಟು ಎಂ.ಎಂ., ಯಾವ ಕಂಪನಿ ಎಂದು ವಿಚಾರಿಸುತ್ತಾರೆ. ನಾನು ಮಿಕ್ಸರ್ ಪಕ್ಕದ ನೀರಿನ ಡ್ರಮ್ಮಿನ ಹತ್ತಿರ ನಿಲ್ಲುತ್ತೇನೆ. ತಾರಸಿಯ ಆಯಸ್ಸು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂದು ಬಹಳ ಜನ ನಂಬಿದ್ದಾರೆ. ನಿಜವಾಗಿ ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿ, ಹೊಸ ವಸ್ತುವಾಗಿ ಬೆಳೆದು ಜಲ್ಲಿ, ಮರಳನ್ನು ಕಚ್ಚಿ ಹಿಡಿಯುತ್ತದೆ. ಆ ಕೂಡಿಕೆಗೆ ಸಿಮೆಂಟಿನ ತೂಕದ ಸುಮಾರು ಕಾಲು ಭಾಗ ನೀರು ಸಾಕು. ಆದರೆ ಅಷ್ಟರಲ್ಲಿ ಮಾಲು ಕಲಸಲಾಗದು, ಕಂಬಿಗಳ ಸಂದಿಗೂ ಇಳಿಯದು. ಅದಕ್ಕೇ 50 ಕಿಲೋ ಚೀಲಕ್ಕೆ 25 ಲೀಟರ್ ಆಸುಪಾಸು ಹಾಕುವುದು. ಮರಳು ಒದ್ದೆಯಿದ್ದರೆ ಅದರ ನೀರೂ ಇದೇ ಲೆಕ್ಕಕ್ಕೆ ಸೇರಬೇಕು. ಮಳೆಗಾಲದಲ್ಲಿ ಮರೆತುಹೋಗುವ ಮಾತಿದು.

ಹೆಚ್ಚಾಗಿ ಸುರಿದ ನೀರು ಮುಂದೆ ಆವಿಯಾಗಿ ಸೂಕ್ಷ್ಮ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ಬಲ ಕುಗ್ಗುವುದು, ತಾರಸಿ ಜಿನುಗುವುದು, ಕಂಬಿಗೆ ತುಕ್ಕು ಹಿಡಿದು ಅಡಿಯ ಪದರ ಉದುರುವುದು ಇಂಥ ರಂಧ್ರಗಳಿಂದಲೇ ಶುರು. ನೀರು ಹೆಚ್ಚಿದಷ್ಟೂ ಬಲ ಇಳಿಯುತ್ತದೆಂಬ ನಿಯಮವನ್ನು ಅಮೆರಿಕದ ಡಫ್ ಅಬ್ರಾಮ್ಸ್ 1918ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಗಾರೆಯವರು ನೀರು ಕೇಳಿದರೆ ಬೈಯಬೇಡಿ. ಗಟ್ಟಿ ಮಾಲನ್ನು ಬಾಂಡ್ಲಿಯಲ್ಲಿ ಹೊತ್ತು ತುಂಬುವುದು ಮೈ ಮುರಿಯುವ ಕೆಲಸ. ಅವರಿಗೆ ಒಳ್ಳೆಯ ವೈಬ್ರೇಟರ್ ತರಿಸಿಕೊಡಿ; ಬೇಕಿದ್ದರೆ ಎಂಜಿನಿಯರನ್ನು ಕೇಳಿ, ನೀರು ಹೆಚ್ಚಿಸದೆ ಮಾಲನ್ನು ಸಡಿಲಿಸುವ ಪ್ಲಾಸ್ಟಿಸೈಸರ್ ಹಾಕಿಸಿ.

ಮೋಲ್ಡ್ ಮುಗಿದ ಮೇಲೆ ಲೆಕ್ಕ ತಿರುಗುಮುರುಗು. ಇನ್ನು ನೀರಿಗೆ ಕೈ ಬಿಗಿ ಹಿಡಿಯಬಾರದು. ಮೇಲ್ಮೈ ಗಟ್ಟಿಯಾದೊಡನೆ ಗಾರೆಯಿಂದ ಬದು ಕಟ್ಟಿ ನೀರು ನಿಲ್ಲಿಸಬೇಕು. ಕ್ಯೂರಿಂಗ್‌ಗೆ ಭಾರತೀಯ ಮಾನಕ ಐಎಸ್ 456 ಹೇಳುವುದು ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಒಣ ಬಿಸಿಲಿನ ಹವೆಯಲ್ಲಿ 10 ದಿನ. ಇಂದು ಹೆಚ್ಚು ಬಳಕೆಯಲ್ಲಿರುವ, ಹಾರುಬೂದಿ ಬೆರೆತ ಪಿಪಿಸಿ ನಿಧಾನವಾಗಿ ಬಲ ಕೂಡಿಸಿಕೊಳ್ಳುತ್ತದೆ. ಅದಕ್ಕೆ 14 ದಿನ ಕೊಡಿ. ಎಂ20 ಎಂಬ ಕಾಂಕ್ರೀಟು ದರ್ಜೆಯ ಹೆಸರಿನ 20 ಕೂಡ 28 ದಿನ ನೀರು ಕುಡಿದ ಪರೀಕ್ಷಾ ಘನದ ಬಲವೇ: ಚದರ ಮಿ.ಮೀ.ಗೆ 20 ನ್ಯೂಟನ್.

ತೀರಾ ಅನ್ಯಾಯವಾಗುವುದು ಪಿಲ್ಲರುಗಳಿಗೆ. ಮನೆಯ ಭಾರವೆಲ್ಲ ಅವುಗಳ ಮೇಲೆ, ಆದರೆ ನೆಟ್ಟಗಿನ ಮೈಯಲ್ಲಿ ನೀರು ನಿಲ್ಲದು. ಬೆಳಿಗ್ಗೆ, ಸಂಜೆ ಪೈಪು ಹಿಡಿದುಹೋದರೆ ಮಧ್ಯಾಹ್ನಕ್ಕೆ ಬಿಳಿಚಿಕೊಂಡಿರುತ್ತವೆ. ಗೋಣಿತಾಟು ಸುತ್ತಿ ಹುರಿಯಿಂದ ಬಿಗಿದು ಕಟ್ಟಿಸಿ. ನಡುಹಗಲಲ್ಲಿ ಹೋಗಿ ತಾಟನ್ನು ಮುಟ್ಟಿ ನೋಡಿ. ಒಣಗಿದ್ದರೆ ಆಗಲೇ ನೀರು ಹಾಕಿಸಿ.