ನಡಾವಳಿ ಪುಸ್ತಕ ಎಲ್ಲಿದೆ?

ಕಲ್ಕತ್ತಾ ಫುಟ್‌ಬಾಲ್ ಕ್ಲಬ್ಬು ಆಡುತ್ತಿದ್ದುದು ರಗ್ಬಿ. 1872ರ ಕ್ರಿಸ್‌ಮಸ್ ದಿನ ಇಂಗ್ಲೆಂಡಿನವರು ಒಂದು ಕಡೆ, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸಿನವರು ಇನ್ನೊಂದು ಕಡೆಯಾಗಿ ತಲಾ 20 ಜನ ಆಡಿದರು. ಮರುತಿಂಗಳೇ ಕ್ಲಬ್ಬು ಹುಟ್ಟಿತು. ಐದೇ ವರ್ಷಕ್ಕೆ ಸೊರಗಿತು. ಊರಿನಲ್ಲಿದ್ದ ಬ್ರಿಟಿಷ್ ಪಟಾಲಮ್ಮು ಬೇರೆಡೆಗೆ ಹೋಯಿತು, ಕ್ಲಬ್ಬಿನ ಬಿಟ್ಟಿ ಮದ್ಯ ನಿಂತಿತು, ಉಳಿದವರಿಗೆ ಪೋಲೊ, ಟೆನಿಸ್ ಹಿಡಿಸಿದವು. ಕೈಯಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ, ನಾಗರಹಾವಿನ ಮೂರು ಹಿಡಿಗಳೂ ಮುಚ್ಚಳದ ಮೇಲೊಂದು ಆನೆಯೂ ಇರುವ ಕಪ್ಪು ಮಾಡಿಸಿ ಇಂಗ್ಲೆಂಡಿನ ರಗ್ಬಿ ಒಕ್ಕೂಟಕ್ಕೆ ಕೊಟ್ಟರು. 1879ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್ ಅದಕ್ಕಾಗಿ ಸೆಣಸುತ್ತಿವೆ. ಈ ಹವ್ಯಾಸಿ ಕ್ಲಬ್ಬಿನ ಹೆಸರನ್ನು ಉಳಿಸಿದ್ದು ಬೆಳ್ಳಿ ಎನ್ನುವುದು ವಾಡಿಕೆಯ ಮಾತು. ನನಗೆ ಹಾಗನ್ನಿಸುವುದಿಲ್ಲ. ನಾಯಕ, ಕಾರ್ಯದರ್ಶಿ, ಖಜಾಂಚಿ ಮೂರೂ ಆಗಿದ್ದ ಜೇಮ್ಸ್ ರಾತ್ನಿ 1877ರ ಡಿಸೆಂಬರಿನಲ್ಲಿ ಒಕ್ಕೂಟಕ್ಕೆ ಪತ್ರ ಬರೆದ. ಆ ಪತ್ರ ಇಲ್ಲದಿದ್ದರೆ ಆ ಕಪ್ಪು ಯಾರೋ ಕೊಟ್ಟ ಅಂದದ ಪಾತ್ರೆಯಾಗಿ ಉಳಿಯುತ್ತಿತ್ತು.

ಬೆಂಗಳೂರನ್ನೇ ನೋಡಿ. ಬ್ರಿಟಿಷ್ ಪಟಾಲಮ್ಮುಗಳ ಸ್ವತ್ತಾಗಿದ್ದ ಮುಂಬಯಿಯ ರೋವರ್ಸ್ ಫುಟ್‌ಬಾಲ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1938ರಲ್ಲಿ ಮತ್ತೆ, 1948ರಲ್ಲಿ ಇನ್ನೊಮ್ಮೆ ಗೆದ್ದಿತು. ದೊಡ್ಡ ಸಾಧನೆ! ಆದರೆ ವಿಜೇತರ ಪಟ್ಟಿ ಹೇಳುವುದು ಇಸವಿಯನ್ನಷ್ಟೇ. ರೈಲು ಚಾರ್ಜು ಯಾರು ಕೊಟ್ಟರು, ಆಟಗಾರರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಎಂಬುದನ್ನು ಯಾವ ಕಪ್ಪೂ ಹೇಳಲಾರದು. ಕ್ಲಬ್ಬಿನ ನಿಜವಾದ ಚರಿತ್ರೆ ಇರುವುದು ಅಲ್ಲೇ.

ರೋವರ್ಸ್ ಗೆದ್ದವರದು ಸರಿ, ತಾಲ್ಲೂಕಿನ ಕಬಡ್ಡಿ ತಂಡದ್ದೂ ಚರಿತ್ರೆಯೇ ಎಂದು ಕೇಳಬಹುದು. ಇದಕ್ಕೆ ಉತ್ತರ ನಮ್ಮ ಹಾಸನ ಜಿಲ್ಲೆಯಲ್ಲೇ ಇದೆ. ಜಿನನಾಥಪುರದ ಶಾಂತಿನಾಥ ಬಸದಿಯನ್ನು ಕಟ್ಟಿಸಿದವನು ರೇಚಿಮಯ್ಯ ಎಂದು ನಾವು ಬಲ್ಲೆವಾದರೆ ಅದು ಶಾಸನದಿಂದ. ಪಕ್ಕದ ಶ್ರವಣಬೆಳಗೊಳದ ಸುತ್ತಿನ 500 ಶಾಸನಗಳನ್ನು ಆರ್. ನರಸಿಂಹಾಚಾರ್ಯರು 1923ರಲ್ಲಿ ಸಂಪುಟವಾಗಿ ತಂದರು. ಅಲ್ಲಿಯ ಚಿಕ್ಕಬೆಟ್ಟದ ಹಳೆಯ ಬರಹಗಳಲ್ಲಿ ಬಹುಪಾಲು ರಾಜರದ್ದಲ್ಲ. ಸನ್ಯಸನದಿಂದ, ಅಂದರೆ ಉಪವಾಸ ವ್ರತದಿಂದ ದೇಹ ಬಿಟ್ಟ ಜೈನ ಮುನಿಗಳದ್ದು, ಕಂತಿಯರದ್ದು. ಎಷ್ಟೋ ಕಡೆ ಇರುವುದು ಒಂದು ಹೆಸರು, ಒಂದು ಸಾವು. ಆಗಿನ ಸಮಾಜವನ್ನು ವಿದ್ವಾಂಸರು ಓದುತ್ತಿರುವುದು ಅಂಥ ಸಾಲುಗಳಿಂದಲೂ ಹೌದು.

ಬರೆಯಲು ಪುರುಸೊತ್ತಿಲ್ಲ, ದುಡ್ಡಿಲ್ಲ ಎಂಬ ತಕರಾರು ಹೊನಲು ಬೆಳಕಿನ ಪಂದ್ಯಾವಳಿಗೆ ಶಾಮಿಯಾನ, ಮೈಕು, ಆಳೆತ್ತರದ ಟ್ರೋಫಿ ಹೊಂದಿಸುವ ಯುವಕ ಸಂಘಗಳ ಬಾಯಲ್ಲಿ ನಿಲ್ಲುವುದಿಲ್ಲ. ಚನ್ನರಾಯಪಟ್ಟಣದಲ್ಲಾಗಲಿ ಅರಕಲಗೂಡಿನಲ್ಲಾಗಲಿ, ಮುಂದಿನ ಪಂದ್ಯಾವಳಿಗೆ ರಸೀದಿ ಪುಸ್ತಕದ ಜೊತೆ ಒಂದು ನಡಾವಳಿ ಪುಸ್ತಕವನ್ನೂ ಕೊಳ್ಳಲಿ. ಆಡಿದವರ ಹೆಸರು, ಊರು, ಕಸುಬು, ಅಂಕ, ಕೂಡಿದ ಚಂದಾ, ಉಳಿದ ಸಾಲ, ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋದವರು, ಎಲ್ಲವೂ ಅದರಲ್ಲಿ ಇರಲಿ.