ಓವೆನ್ ಕವಿಯ ಯುದ್ಧಕವಿತೆಯಲ್ಲಿ ಸೈನಿಕನ ಅನುಭವ

ವೀರರಸಕ್ಕೆ ಉತ್ಸಾಹವು ಸ್ಥಾಯಿಭಾವವೆಂಬುದು ಆಲಂಕಾರಿಕರ ಮತ. ರಣವನ್ನು ವರ್ಣಿಸುವ ಕಾವ್ಯದಲ್ಲಿ ಎದುರಾಳಿಯಿರಬೇಕು, ಅವನನ್ನು ಗೆಲ್ಲುವ ಹುಮ್ಮಸ್ಸಿರಬೇಕು, ಸಾವು ಬಂದರೂ ಅದಕ್ಕೊಂದು ಘನತೆಯಿರಬೇಕು. ಈ ಮೂರೂ ಇಲ್ಲದ ಯುದ್ಧಕವಿತೆಯು ಉತ್ತಮ ಕಾವ್ಯವೆನಿಸಬಲ್ಲುದೆ? ಆಂಗ್ಲಕವಿ ವಿಲ್ಫ್ರೆಡ್ ಓವೆನ್ನನ ‘ಡುಲ್ಚೆ ಎಟ್ ಡೆಕೋರಮ್ ಎಸ್ಟ್’ ಎಂಬ ಕವಿತೆಯನ್ನೋದಿದವರಿಗೆ ಈ ಪ್ರಶ್ನೆಯು ಏಳದಿರದು. 1936ರಲ್ಲಿ ಆಕ್ಸ್‌ಫರ್ಡಿನ ಆಧುನಿಕ ಪದ್ಯಸಂಕಲನವನ್ನು ಸಂಪಾದಿಸಿದ ಯೇಟ್ಸ್ ಕವಿಯು ಓವೆನ್ನನಿಗೆ ಅದರಲ್ಲಿ ಸ್ಥಾನ ಕೊಡಲಿಲ್ಲ. ನಿಷ್ಕ್ರಿಯವಾಗಿ ಅನುಭವಿಸುವ ಸಂಕಟವು ಕಾವ್ಯವಸ್ತುವಾಗಲಾರದೆಂಬುದು ಅವನ ವಾದ. ದೊಡ್ಡ ಕವಿಯ ಮಾತಾದುದರಿಂದ ಅದನ್ನು ಈ ಕವಿತೆಯ ಒರೆಗಲ್ಲಿಗೆ ಹಚ್ಚಿ ನೋಡುವುದು ಯುಕ್ತ.

ಓವೆನ್ ಹುಟ್ಟಿದುದು 1893ರಲ್ಲಿ. 1917ರ ಮೊದಲ ತಿಂಗಳುಗಳಲ್ಲಿ ಫ್ರಾನ್ಸಿನ ರಣಭೂಮಿಯಲ್ಲಿದ್ದು, ಮನಸ್ಸು ಜರ್ಜರಿತವಾಗಿ, ಎಡಿನ್‌ಬರೊ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯನ್ನು ಸೇರಿದನು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿಯೇ ಈ ಕವಿತೆ ರೂಪುಗೊಂಡಿತು. ಗುಣಹೊಂದಿ ಮತ್ತೆ ಯುದ್ಧಕ್ಕೆ ಮರಳಿದ ಕವಿಯು 1918ರ ನವೆಂಬರ್ 4ರಂದು, ಯುದ್ಧವು ನಿಲ್ಲಲು ಒಂದೇ ವಾರವಿರುವಾಗ, ಮಡಿದನು. ಕವಿತೆ ಅಚ್ಚಾದುದು 1920ರಲ್ಲಿ. ತಲೆಬರಹದ ಲ್ಯಾಟಿನ್ ಮಾತು ರೋಮನರ ಹೊರೇಸ್ ಕವಿಯದು. ದೇಶಕ್ಕಾಗಿ ಪ್ರಾಣಬಿಡುವುದನ್ನು ಇನಿದೆಂದೂ ತಕ್ಕುದೆಂದೂ ಕೊಂಡಾಡುವ ಸೂಕ್ತಿಯ ಮೊದಲ ಭಾಗ. ಇಂಗ್ಲೆಂಡಿನ ಶಾಲೆಗಳಲ್ಲಿ ಲ್ಯಾಟಿನ್ ಕಲಿತ ಹುಡುಗರಿಗೆ ಅದು ಪರಿಚಿತವಾದ ಮಾತು.

ಇಪ್ಪತ್ತೆಂಟು ಪಂಕ್ತಿಗಳ ಈ ಕವಿತೆಯ ಮೊದಲ ಎಂಟು ಪಂಕ್ತಿಗಳಲ್ಲಿ ಕಾಳಗವೇ ಇಲ್ಲ. ದಣಿದ ಸೈನಿಕರು ರಣಮುಖದಿಂದ ಹಿಂದಿನ ವಿಶ್ರಾಂತಿಸ್ಥಳದ ಕಡೆಗೆ ಕಾಲೆಳೆಯುತ್ತಿದ್ದಾರೆ. ಹರೆಯದವರು ಮುದುಕರಂತೆ ಬಾಗಿದ್ದಾರೆ. ಹಲವರ ಕಾಲಲ್ಲಿ ಬೂಟುಗಳೂ ಇಲ್ಲ. ಶಾಸ್ತ್ರಕಾರರು ಸಂಚಾರಿಭಾವಗಳಲ್ಲಿ ಎಣಿಸಿದ ಶ್ರಮ, ಗ್ಲಾನಿಗಳೇ ಇಲ್ಲಿ ಪ್ರಧಾನ. ಪಂಕ್ತಿಗಳ ನಡುವೆ ಬೀಳುವ ಯತಿಗಳಿಂದ ನುಡಿಯೂ ಕುಂಟುತ್ತ ನಿಲ್ಲುತ್ತದೆ. ಓದುಗನ ಉಸಿರು ಆ ನಡಗೆಗೆ ಹೊಂದಿಕೊಳ್ಳುತ್ತದೆ. ಶತ್ರುವಾದರೋ ಕವಿತೆಯ ಕೊನೆಯವರೆಗೂ ಕಾಣಿಸನು.

ಎರಡನೆಯ ಭಾಗದಲ್ಲಿ ವಿಷವಾಯು. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದ ಬಳಿ ಜರ್ಮನರು ಕ್ಲೋರೀನನ್ನು ಹರಿಯಬಿಟ್ಟಂದಿನಿಂದ ಆ ಭಯವು ಸೈನಿಕರ ಬೆನ್ನುಹತ್ತಿತ್ತು. ಕೂಗು ಏಳುತ್ತದೆ; ಗತಿ ಒಮ್ಮೆಲೆ ತ್ವರೆಗೊಳ್ಳುತ್ತದೆ; ಎಲ್ಲರೂ ತಡವರಿಸುತ್ತ ಮುಖಕವಚ ತೊಡುತ್ತಾರೆ, ಒಬ್ಬನಿಗೆ ಮಾತ್ರ ಹೊತ್ತು ಮೀರುತ್ತದೆ. ಕವಚದ ಮಂಜುಗವಿದ ಗಾಜಿನ ಮೂಲಕ, ಹಸುರು ಬೆಳಕಿನಲ್ಲಿ, ಕಡಲೊಳಗಿದ್ದವನಂತೆ ಅವನು ಉಸಿರುಗಟ್ಟುವುದು ಕಾಣುತ್ತದೆ. ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕದು. ಯುದ್ಧದಲ್ಲಿ ಸೈನಿಕನಿಗೆ ದೊರೆಯುವ ಅರಿವು ಎಷ್ಟು ಕಿರಿದಾದುದೆಂಬುದನ್ನು ಆ ಒಂದು ಗಾಜೇ ಹೇಳುತ್ತದೆ.

ಇದಾದ ಮೇಲೆ ಬೇರೆಯಾಗಿ ನಿಲ್ಲುವ ಎರಡೇ ಪಂಕ್ತಿಗಳಿವೆ. ಭೂತಕಾಲದ ಕಥನವು ಇಲ್ಲಿ ವರ್ತಮಾನಕ್ಕೆ ತಿರುಗುತ್ತದೆ. ಸತ್ತವನು ಪ್ರತಿ ಕನಸಿನಲ್ಲೂ ಮೇಲೆ ಬಂದು ಬೀಳುತ್ತಾನೆ. ನೀರಿನಲ್ಲಿ ಮುಳುಗಿ ಸಾಯುವುದನ್ನು ಸೂಚಿಸುವ ಹಿಂದಿನ ಪದವೇ ಅಂತ್ಯಪ್ರಾಸದಲ್ಲಿ ಮರಳಿ ಬರುತ್ತದೆ. ಕವಿಗೆ ಬೇರೊಂದು ಪ್ರಾಸ ಸಿಗದೆ ಹೋಯಿತೆಂದಲ್ಲ. ಆ ನೆನಪಿಗೆ ಬೇರೆ ದಾರಿಯಿರಲಿಲ್ಲ. ಕಾಳಗವು ಮುಗಿದರೂ ಸೈನಿಕನಲ್ಲಿ ಮುಗಿಯದೆಂಬುದನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ಕಷ್ಟ.

ಕೊನೆಯ ಹನ್ನೆರಡು ಪಂಕ್ತಿಗಳು ಒಂದೇ ದೀರ್ಘವಾಕ್ಯ. ‘ನಾವು’ ಎಂದು ಮೊದಲಾಗಿ ‘ನಾನು’ ಎಂದಾದುದು ಇಲ್ಲಿ ‘ನೀನು’ ಎಂದು ಓದುಗನತ್ತ ತಿರುಗುತ್ತದೆ: ಬಂಡಿಯ ಮೇಲೆ ಎಸೆದ ಆ ದೇಹವನ್ನು ನೀನು ಕಂಡಿದ್ದರೆ ಆ ಸೂಕ್ತಿಯನ್ನು ಮಕ್ಕಳಿಗೆ ಹೇಳುತ್ತಿರಲಿಲ್ಲ, ಎಂಬುದು ತಾತ್ಪರ್ಯ. ತರುಣರನ್ನು ಸೈನ್ಯಕ್ಕೆ ಹುರಿದುಂಬಿಸುವ ಪದ್ಯಗಳನ್ನು ಬರೆಯುತ್ತಿದ್ದ ಜೆಸಿ ಪೋಪ್ ಎಂಬಾಕೆಯ ಹೆಸರು ಕರಡುಗಳಲ್ಲಿ ಇದ್ದಿತು. ಕವಿ ಅದನ್ನು ತೆಗೆದುಬಿಟ್ಟನು. ಅದರಿಂದ ಒಬ್ಬಳ ಮೇಲಿನ ಆಕ್ಷೇಪವು ಮನೆಯಲ್ಲಿ ಕುಳಿತು ಯುದ್ಧವನ್ನು ಹೊಗಳುವ ಎಲ್ಲರಿಗೂ ತಗಲುವಂತಾಯಿತು. ಕಡೆಯ ಪಂಕ್ತಿಯು ಛಂದಸ್ಸಿನಲ್ಲಿಯೂ ಅರ್ಧಕ್ಕೇ ನಿಲ್ಲುತ್ತದೆ.

ಈ ಭಾಗದಲ್ಲಿ ಬೀಭತ್ಸದ ಉಪಮೆಗಳು ಒಂದರ ಮೇಲೊಂದು ಬಂದು ಭಾರವಾಗುವುದುಂಟು; ಒಂದೆರಡು ಕಡಿಮೆಯಾಗಿದ್ದರೆ ನಷ್ಟವಾಗುತ್ತಿರಲಿಲ್ಲ. ಆದರೆ ಯೇಟ್ಸನ ಆಕ್ಷೇಪವು ಇಲ್ಲಿ ನಿಲ್ಲದು. ಸಾಯುವವನು ನಿಷ್ಕ್ರಿಯನಿರಬಹುದು, ಸಾಕ್ಷಿಯಾದವನು ಹಾಗಲ್ಲ. ಕಂಡುದನ್ನು ಕಾಣದವರ ಮುಂದೆ ತಂದು ನಿಲ್ಲಿಸುವ ಛಲವು ಮೊದಲಿನಿಂದ ಕೊನೆಯವರೆಗೆ ಕವಿತೆಯನ್ನು ನಡೆಸುತ್ತದೆ. ಅದೂ ಉತ್ಸಾಹವೇ. ಶಾಸ್ತ್ರಕಾರರು ಯುದ್ಧವೀರನ ಜೊತೆಗೆ ದಾನವೀರನನ್ನೂ ದಯಾವೀರನನ್ನೂ ಎಣಿಸಿದ್ದಾರೆ. ಯುದ್ಧವೀರನಿಗೆ ನೆಲೆಯಿಲ್ಲದ ಈ ರಣಭೂಮಿಯಲ್ಲಿ ಓವೆನ್ ದಯಾವೀರನಿಗೆ ಮಾತು ಕೊಟ್ಟಿದ್ದಾನೆ.