ಜೂಪಿಟರ್ ಅಳೆಯದೆ ಬಿಟ್ಟದ್ದು

2008ರ ನವೆಂಬರಿನಲ್ಲಿ ಪ್ರಕಟವಾದ ‘ಜೂಪಿಟರ್’ ಅಧ್ಯಯನವನ್ನು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಗಳ ದಿಗ್ವಿಜಯವೆಂದು ಹೊಗಳಿದವರು ಬಹಳ. ಬಾಸ್ಟನ್ನಿನ ಪಾಲ್ ರಿಡ್ಕರ್ ತಂಡ 17,802 ಜನರನ್ನು ಆರಿಸಿಕೊಂಡಿತ್ತು. ಅವರ ಎಲ್‌ಡಿಎಲ್ ಕೊಲೆಸ್ಟ್ರಾಲ್ 130ಕ್ಕಿಂತ ಕೆಳಗಿತ್ತು, ಉರಿಯೂತ ಸೂಚಿಸುವ ಸಿಆರ್‌ಪಿ ಮಾತ್ರ ಏರಿತ್ತು. ಅರ್ಧ ಜನಕ್ಕೆ ರೋಸುವಾಸ್ಟ್ಯಾಟಿನ್, ಉಳಿದವರಿಗೆ ಹುಸಿಗುಳಿಗೆ. ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಶೇ 44ರಷ್ಟು ತಗ್ಗಿದವು ಎಂಬುದು ಎಲ್ಲೆಡೆ ಮೆರೆದ ಅಂಕಿ.

ಆ ಅಂಕಿಯನ್ನು ಬಿಡಿಸಿ ನೋಡಬೇಕು. ಹುಸಿಗುಳಿಗೆಯವರಲ್ಲಿ 251 ಮಂದಿಗೆ, ಔಷಧಿ ಪಡೆದವರಲ್ಲಿ 142 ಮಂದಿಗೆ ತೊಂದರೆಯಾಯಿತು. ಅಂದರೆ ನೂರು ಜನ ಗುಳಿಗೆ ನುಂಗಿದರೆ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಲಾಭ. ಅದೂ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿ, ಅರ್ಧಕ್ಕೂ ಹೆಚ್ಚು ಜನರನ್ನು ಎರಡು ವರ್ಷಕ್ಕಿಂತ ಕಡಿಮೆ ಕಾಲ ಗಮನಿಸಿ ಹಾಕಿದ ಲೆಕ್ಕ. ಹಣ ಕೊಟ್ಟದ್ದು ಗುಳಿಗೆ ತಯಾರಿಸುವ ಆಸ್ಟ್ರಾಜೆನೆಕಾ. ಸಿಆರ್‌ಪಿ ಪರೀಕ್ಷೆಯ ಪೇಟೆಂಟಿನಲ್ಲಿ ರಿಡ್ಕರ್ ಹೆಸರೂ ಇತ್ತು. ಇದನ್ನು ವರದಿಯೇ ಹೇಳಿಕೊಂಡಿದೆ, ಮುಚ್ಚಿಟ್ಟಿಲ್ಲ. ನನ್ನ ತಕರಾರು ಬೇರೆ. ಸಿಆರ್‌ಪಿ ಕಡಿಮೆ ಇದ್ದವರನ್ನು ಸೇರಿಸಿಕೊಳ್ಳದೆ, ಅದು ಹೆಚ್ಚಿದ್ದವರಿಗೇ ಗುಳಿಗೆ ಬೇಕೆಂದು ಸಾಧಿಸುವುದು ಹೇಗೆ? 2016ರ ‘ಹೋಪ್-3’ ಅಧ್ಯಯನದಲ್ಲಿ ಸಿಆರ್‌ಪಿ ಹೆಚ್ಚಿರಲಿ ಕಡಿಮೆಯಿರಲಿ, ಅದೇ ಔಷಧಿ ಫಲ ಕೊಟ್ಟಿತು.

ಜೂಪಿಟರ್‌ನ ನಿಜವಾದ ಬೆಲೆ ಇರುವುದು ಮರುವರ್ಷ ಬಂದ ಇನ್ನೊಂದು ವರದಿಯಲ್ಲಿ. ಕಾಲಿನ ಸಿರೆಗಳಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದವರು ಹುಸಿಗುಳಿಗೆಯ ಗುಂಪಿನಲ್ಲಿ 60, ಔಷಧಿಯ ಗುಂಪಿನಲ್ಲಿ 34. ಸಂಖ್ಯೆ ಚಿಕ್ಕದು, ಪ್ರಶ್ನೆ ದೊಡ್ಡದು. ಅಪಧಮನಿಯಂತೆ ಸಿರೆಯ ಗೋಡೆಯಲ್ಲಿ ಕೊಲೆಸ್ಟ್ರಾಲ್ ಜಿಡ್ಡುಗಟ್ಟುವುದಿಲ್ಲ. ಹಾಗಿದ್ದರೆ ಗುಳಿಗೆ ತಡೆದದ್ದು ಏನನ್ನು? ರಕ್ತ ಹೆಪ್ಪುಗಟ್ಟುವ ಕ್ರಿಯೆಗೇ ಅದು ಕೈಹಾಕಿರಬೇಕು. ಸ್ಟ್ಯಾಟಿನ್‌ಗಳು, ಹೆಪ್ಪುಗಟ್ಟಿಸುವ ರಕ್ತಕಣಗಳಾದ ಪ್ಲೇಟ್‌ಲೆಟ್‌ಗಳ ಉದ್ರೇಕವನ್ನು ತಗ್ಗಿಸುತ್ತವೆಂಬುದಕ್ಕೆ ಪ್ರಯೋಗಾಲಯದ ಪುರಾವೆ ಆಗಲೇ ಇತ್ತು.

ನಮ್ಮಲ್ಲಿ ಪ್ಲೇಟ್‌ಲೆಟ್ ಎಂದೊಡನೆ ನೆನಪಾಗುವುದು ಡೆಂಗಿ. ಎಣಿಕೆ ಇಳಿಯಿತೇ ಎಂಬ ಆತಂಕ. ಆದರೆ ಜೂಪಿಟರ್‌ಗೆ ಸೇರಿದ ಹಲವರಂತೆ ಬೊಜ್ಜು ಬಂದ ಮೈಯಲ್ಲಿ ಚಿಂತೆ ಎಣಿಕೆಯದಲ್ಲ, ನಡತೆಯದು. ಕೊಬ್ಬಿನ ಅಂಗಾಂಶ ಸೂಸುವ ಉರಿಯೂತದ ರಾಸಾಯನಿಕಗಳು, ಇನ್ಸುಲಿನ್‌ಗೆ ಮಣಿಯದ ದೇಹ, ಇವೆರಡೂ ಸೇರಿ ಪ್ಲೇಟ್‌ಲೆಟ್‌ಗಳನ್ನು ಸಣ್ಣ ನೆಪಕ್ಕೂ ಅಂಟಿಕೊಳ್ಳುವಂತೆ ಮಾಡುತ್ತವೆ. ಬೊಜ್ಜಿನ ಮಹಿಳೆಯರ ಮೂತ್ರದಲ್ಲಿ ಪ್ಲೇಟ್‌ಲೆಟ್ ಕೆರಳಿದ್ದಕ್ಕೆ ಸಾಕ್ಷಿಯಾದ ಥ್ರಾಂಬಾಕ್ಸೇನ್ ಕುರುಹು ಹೆಚ್ಚಿರುವುದನ್ನು, ತೂಕ ಇಳಿದಾಗ ಅದೂ ಇಳಿಯುವುದನ್ನು ಇಟಲಿಯ ಸಂಶೋಧಕರು 2002ರಲ್ಲೇ ತೋರಿಸಿದ್ದರು.

ಜೂಪಿಟರ್‌ಗೆ ಸೇರಿದವರಲ್ಲಿ ಅರ್ಧಕ್ಕರ್ಧ ಜನರ ಬಿಎಂಐ 28 ದಾಟಿತ್ತು. ಶೇ 41 ಮಂದಿಗೆ ಬೊಜ್ಜು, ಏರಿದ ಸಕ್ಕರೆ, ರಕ್ತದೊತ್ತಡಗಳು ಕೂಡಿಬರುವ ಮೆಟಬಾಲಿಕ್ ಸಿಂಡ್ರೋಮ್. ಕೆರಳಿದ ಪ್ಲೇಟ್‌ಲೆಟ್‌ಗಳನ್ನು ಹುಡುಕಲು ಇದಕ್ಕಿಂತ ತಕ್ಕ ಗುಂಪು ಸಿಗುವುದು ಕಷ್ಟ. ಆದರೂ 2008ರ ವರದಿಯಲ್ಲಿ ಪ್ಲೇಟ್‌ಲೆಟ್ ಚಟುವಟಿಕೆಯ ಒಂದು ಅಳತೆಯೂ ಇಲ್ಲ. ಎಲ್‌ಡಿಎಲ್ ಶೇ 50 ಇಳಿಯಿತು, ಸಿಆರ್‌ಪಿ ಶೇ 37 ಇಳಿಯಿತು ಎಂದು ಅದು ಹೇಳುತ್ತದೆ. ಇನ್ನೊಂದು ಸಂಗತಿಯನ್ನೂ ಅದೇ ವರದಿ ಒಪ್ಪಿಕೊಳ್ಳುತ್ತದೆ: ಹೊಸದಾಗಿ ಸಕ್ಕರೆ ಕಾಯಿಲೆ ಬಂದವರು ಹುಸಿಗುಳಿಗೆಯ ಗುಂಪಿನಲ್ಲಿ 216, ಔಷಧಿಯ ಗುಂಪಿನಲ್ಲಿ 270. ಪ್ಲೇಟ್‌ಲೆಟ್‌ಗಳನ್ನು ಕೆರಳಿಸುವುದರಲ್ಲಿ ಸಕ್ಕರೆ ಕಾಯಿಲೆಯೂ ಬೊಜ್ಜಿಗೆ ಕಡಿಮೆಯೇನಲ್ಲ.